ವೇಷ ಹಾಕಿದ ಪ್ರೇಮಿ, ವೇಷ ಹಾಕಿದ ಪೊಲೀಸ್

ಮದುವೆಯಾಗುತ್ತೇನೆಂದು ನಂಬಿಸಿ, ಹಣ ಒಡವೆ ದೋಚಿ, ಕೊನೆಗೆ ಹೆಣ್ಣಿನ ಪ್ರಾಣವನ್ನೂ ತೆಗೆದು ಮುಂದಿನ ಊರಿಗೆ ಹೋಗುವ ಒಬ್ಬ ವಂಚಕ. ಹೆಸರು ಬದಲಿಸಿಕೊಂಡು, ವೇಷ ಮರೆಸಿಕೊಂಡು ಅವನ ಬೆನ್ನು ಹತ್ತುವ ಒಬ್ಬ ಗುಪ್ತ ಅಧಿಕಾರಿ. ಇಬ್ಬರ ನಡುವೆ ಸಿಕ್ಕಿಕೊಂಡ ಒಂದು ಪ್ರೇಮ. ರೋಚಕ ಪ್ರೇಮಕಥೆ ಎಂದು ಕರೆಸಿಕೊಳ್ಳುವ ಕಾದಂಬರಿ, ಸಿನಿಮಾ, ವೆಬ್ ಸರಣಿಗಳಲ್ಲಿ ಈ ಮೂರೆಳೆಯ ಹಗ್ಗಕ್ಕೆ ಇವತ್ತಿಗೂ ಬೇಡಿಕೆ ಕುಗ್ಗಿಲ್ಲ. ಅಧಿಕಾರಿ ಹೆಣ್ಣಾದರೆ ಕೊಲೆಗಾರನ ಮುಂದಿನ ಬಲಿಯಂತೆ ನಟಿಸುತ್ತಾಳೆ. ಗಂಡಾದರೆ ಬಲಿಯಾಗಲಿರುವವಳನ್ನು ಕಾಯಲು ಬಂದು ಅವಳಿಗೇ ಮನಸೋಲುತ್ತಾನೆ. ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಬಾಯಿಬಿಡುತ್ತಾನೆ, ಗುಂಡು ಹಾರುತ್ತದೆ, ಪ್ರೇಮಿಗಳು ಒಂದಾಗುತ್ತಾರೆ.

ಕನ್ನಡದವರಿಗೆ ಗುಪ್ತಚರ ಹೊಸಬನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಒಂದೇ ರಾತ್ರಿಗೆ ಓದಿ ಮುಗಿಸಿದ ತಲೆಮಾರು ನಮ್ಮ ನಡುವೆ ಇನ್ನೂ ಇದೆ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿದಾಗ ಜನ ಮುಗಿಬಿದ್ದು ನೋಡಿದರು. ಆ ಕಥೆಗಳ ಖಳನಿಗೆ ಕೋಟೆ ಇತ್ತು, ಸೈನ್ಯ ಇತ್ತು, ದೇಶವನ್ನೇ ಮುಳುಗಿಸುವ ಸಂಚಿತ್ತು. ಮದುವೆಯ ಮಾತು ಕೊಟ್ಟು ಕೊಲ್ಲುವವನಿಗೆ ಇದ್ಯಾವುದೂ ಇಲ್ಲ. ಅವನ ಬಳಿ ಇರುವುದು ಒಗೆದು ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು ಮತ್ತು ಹೆಣ್ಣಿನ ಮನೆಯವರ ಕಷ್ಟವನ್ನು ಒಂದೇ ನೋಟದಲ್ಲಿ ಅಳೆಯುವ ಕಣ್ಣು. ಇಂಥವನನ್ನು ಹಿಡಿಯಲು ನಿಜವಾಗಿ ಏನು ಬೇಕಾಯಿತು ಎಂಬುದನ್ನು ನಾಲ್ಕಾರು ಪ್ರಕರಣಗಳಲ್ಲಿ ಓದಿದವರಿಗೆ, ಗುಪ್ತ ಅಧಿಕಾರಿಯ ಪ್ರೇಮದ ಮೇಲೆ ನಿಂತ ಕಥೆಗಳು ಎಲ್ಲಿ ಸುಳ್ಳಾಗುತ್ತವೆ ಎಂದು ತಿಳಿಯುತ್ತದೆ. ನನಗೆ ಈ ಜಾತಿಯ ಕಥೆ ಇಷ್ಟ. ಇಷ್ಟವಾದ್ದರಿಂದಲೇ ಅದು ಇನ್ನಷ್ಟು ನಿಜವಾಗಬೇಕು ಎಂಬ ಹಟ.

ಮೊದಲು ಒಂದು ಸಿನಿಮಾ. ಆಲ್‌ಫ್ರೆಡ್ ಹಿಚ್‌ಕಾಕ್ 1943ರಲ್ಲಿ ಮಾಡಿದ ‘ಶ್ಯಾಡೋ ಆಫ್ ಎ ಡೌಟ್’. ಇಂಥ ಕಥೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಶ್ರೀಮಂತ ವಿಧವೆಯರನ್ನು ಮರುಳು ಮಾಡಿ ಕೊಂದು ಹಣ ದೋಚಿದ ಚಾರ್ಲಿ ಎಂಬಾತ ಪೊಲೀಸರಿಂದ ತಪ್ಪಿಸಿಕೊಂಡು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಎಂಬ ಪುಟ್ಟ ಊರಿಗೆ, ಅಕ್ಕನ ಮನೆಗೆ ಬರುತ್ತಾನೆ. ಅಕ್ಕನ ಹಿರಿಮಗಳಿಗೂ ಮಾವನದೇ ಹೆಸರು, ಚಾರ್ಲಿ. ಮಾವನೆಂದರೆ ಅವಳಿಗೆ ಪ್ರಾಣ. ಬಂದವನೇ ಸೊಸೆಯ ಬೆರಳಿಗೆ ಪಚ್ಚೆಯುಂಗುರ ತೊಡಿಸುತ್ತಾನೆ. ಉಂಗುರದ ಒಳಬದಿಯಲ್ಲಿ ಯಾರದೋ ಹೆಸರಿನ ಮೊದಲಕ್ಷರಗಳು ಕೆತ್ತಿವೆ. ಅವನನ್ನು ಹುಡುಕಿಕೊಂಡು ಬಂದ ಇಬ್ಬರು ಪತ್ತೇದಾರರು, ಸಾಮಾನ್ಯ ಕುಟುಂಬಗಳ ಸಮೀಕ್ಷೆ ಮಾಡುವವರೆಂದು ಹೇಳಿಕೊಂಡು ಮನೆಯೊಳಗೆ ಕಾಲಿಡುತ್ತಾರೆ. ಅವರಲ್ಲಿ ಕಿರಿಯ ಜ್ಯಾಕ್ ಗ್ರಹಾಂ. ಅವನು ಸೊಸೆ ಚಾರ್ಲಿಗೆ ಮನಸೋಲುತ್ತಾನೆ. ಗುಪ್ತ ಅಧಿಕಾರಿ, ಕೊಲೆಗಾರ ವಂಚಕ, ಪ್ರೇಮ, ಮೂರೂ ಒಂದೇ ಮನೆಯಲ್ಲಿ.

ಆದರೆ ಕೊಲೆಗಾರನ ಗುಟ್ಟು ರಟ್ಟಾಗುವುದು ಗ್ರಹಾಂನ ಪ್ರೇಮದಿಂದಲ್ಲ. ಮಾವ ಮನೆಗೆ ಬಂದ ಪತ್ರಿಕೆಯ ಒಂದು ಹಾಳೆಯನ್ನು ಹರಿದು ಬಚ್ಚಿಟ್ಟಿರುತ್ತಾನೆ. ಅದರಲ್ಲಿ ಏನಿತ್ತು ಎಂಬ ಗುಮಾನಿ ಹುಡುಗಿಯನ್ನು ಕೊರೆಯುತ್ತದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಊರಿನ ಗ್ರಂಥಾಲಯಕ್ಕೆ ಓಡುತ್ತಾಳೆ, ಗ್ರಂಥಪಾಲಕಿಯನ್ನು ಕಾಡಿ ಬೇಡಿ ಒಳಗೆ ಹೋಗಿ ಅದೇ ದಿನದ ಪತ್ರಿಕೆ ತೆರೆಯುತ್ತಾಳೆ. ಕೊಲೆಯಾದ ವಿಧವೆಯೊಬ್ಬಳ ಸುದ್ದಿ. ಅಲ್ಲಿನ ಹೆಸರಿಗೂ ತನ್ನ ಉಂಗುರದ ಅಕ್ಷರಗಳಿಗೂ ತಾಳೆ ಬೀಳುತ್ತದೆ. ಅವಳು ಎದ್ದು ನಿಲ್ಲುತ್ತಿದ್ದಂತೆ ಕ್ಯಾಮೆರಾ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತದೆ. ಆ ದೊಡ್ಡ ಕೋಣೆಯಲ್ಲಿ ಹುಡುಗಿ ಚಿಕ್ಕದಾಗಿ ಕಾಣಿಸುತ್ತಾಳೆ.

ಇಷ್ಟಾದ ಮೇಲೂ ಪೊಲೀಸರು ಅವಳನ್ನು ಕಾಪಾಡುವುದಿಲ್ಲ. ಪೂರ್ವದ ಊರೊಂದರಲ್ಲಿ ಇನ್ನೊಬ್ಬ ಶಂಕಿತ ತಪ್ಪಿಸಿಕೊಳ್ಳಲು ಹೋಗಿ ಸಾಯುತ್ತಾನೆ. ಕೊಲೆಗಾರ ಅವನೇ ಎಂದುಕೊಂಡು ತನಿಖೆ ಮುಚ್ಚುತ್ತದೆ. ನಿಜ ಗೊತ್ತಿರುವವಳು ಮನೆಯಲ್ಲಿ ಒಬ್ಬಳೇ, ಎದುರಿನ ಕೋಣೆಯಲ್ಲಿ ಅವನು. ಮೆಟ್ಟಿಲು ಮುರಿದು ಬೀಳುವಂತೆ ಮಾಡುತ್ತಾನೆ, ಗ್ಯಾರೇಜಿನಲ್ಲಿ ಕಾರಿನ ಹೊಗೆ ತುಂಬಿಸುತ್ತಾನೆ. ಅವಳು ಕೊನೆಗೆ ಮಾಡುವುದು ಇಷ್ಟೇ: ಮನೆ ತುಂಬ ಅತಿಥಿಗಳಿರುವಾಗ ಆ ಉಂಗುರ ತೊಟ್ಟು, ಕಟಕಟೆಯ ಮೇಲೆ ಕೈಯಿಟ್ಟು ಮೆಟ್ಟಿಲಿಳಿದು ಬರುತ್ತಾಳೆ. ಉಂಗುರ ಕಂಡ ಮಾವ ಊರು ಬಿಡುವ ನಿರ್ಧಾರ ಪ್ರಕಟಿಸುತ್ತಾನೆ. ಹೊರಟ ರೈಲಿನಿಂದ ಅವಳನ್ನು ತಳ್ಳಲು ಹೋಗಿ ತಾನೇ ಎದುರಿನ ರೈಲಿಗೆ ಸಿಕ್ಕಿ ಸಾಯುತ್ತಾನೆ. ಊರು ಅವನಿಗೆ ಗೌರವದ ಅಂತ್ಯಸಂಸ್ಕಾರ ಮಾಡುತ್ತದೆ. ಅವನು ಯಾರು ಎಂಬುದು ಸೊಸೆಗೂ ಗ್ರಹಾಂಗೂ ಬಿಟ್ಟರೆ ಆ ಊರಲ್ಲಿ ಇನ್ನಾರಿಗೂ ಗೊತ್ತಿಲ್ಲ.

ಹಿಚ್‌ಕಾಕ್‌ಗೆ ಈ ವಿಷಯದ ಮರ್ಮ ತಿಳಿದಿತ್ತು. ಪ್ರೀತಿಯ ವೇಷದಲ್ಲಿ ಕೊಲ್ಲುವವನು ಬಂದೂಕಿಗೆ ಅಷ್ಟಾಗಿ ಅಂಜುವುದಿಲ್ಲ, ಪ್ರೇಮಕ್ಕಂತೂ ಅಂಜುವುದೇ ಇಲ್ಲ. ಒಂದು ಊರಿನ ಸಾವನ್ನು ಇನ್ನೊಂದು ಊರಿನ ಸಾವಿನ ಪಕ್ಕದಲ್ಲಿ ಇಟ್ಟು ನೋಡುವವರಿಗೆ ಅಂಜುತ್ತಾನೆ. ಸಿನಿಮಾಕ್ಕಿಂತ 28 ವರ್ಷ ಮೊದಲು ಇಂಗ್ಲೆಂಡಿನಲ್ಲಿ ನಡೆದದ್ದೂ ಇದೇ.

1914ರ ಡಿಸೆಂಬರ್ 18. ಲಂಡನ್ನಿನ ಹೈಗೇಟ್‌ನ ಬಾಡಿಗೆ ಮನೆಯೊಂದರಲ್ಲಿ ಮಾರ್ಗರೆಟ್ ಲಾಫ್ಟಿ ಎಂಬಾಕೆ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳು. ಮದುವೆಯಾಗಿ ಒಂದೇ ದಿನ ಆಗಿತ್ತು. ಗಂಡ ಜಾನ್ ಲಾಯ್ಡ್ ಎಂದು ಹೆಸರು ಹೇಳಿದ್ದ. ಆಕಸ್ಮಿಕ ಸಾವು ಎಂದು ತೀರ್ಮಾನವಾಯಿತು. ಪತ್ರಿಕೆಯಲ್ಲಿ ನವವಧುವಿನ ದುರಂತವೆಂದು ಚಿಕ್ಕ ಸುದ್ದಿ ಬಂತು. ಆ ಸುದ್ದಿಯನ್ನು ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಚಾರ್ಲ್ಸ್ ಬರ್ನ್‌ಹ್ಯಾಮ್ ಎಂಬ ತಂದೆ ಓದಿದ. ಒಂದು ವರ್ಷದ ಹಿಂದೆ ಅವನ ಮಗಳು ಆಲಿಸ್, ಮದುವೆಯಾದ ತಿಂಗಳೊಪ್ಪತ್ತಿನಲ್ಲಿ ಬ್ಲ್ಯಾಕ್‌ಪೂಲ್‌ನ ವಸತಿಗೃಹದಲ್ಲಿ ಸ್ನಾನದ ತೊಟ್ಟಿಯಲ್ಲೇ ಸತ್ತಿದ್ದಳು. ಅವಳ ಗಂಡನ ಹೆಸರು ಜಾರ್ಜ್ ಸ್ಮಿತ್. ಆ ಅಳಿಯನ ಮೇಲೆ ತಂದೆಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಎರಡೂ ಸುದ್ದಿಗಳನ್ನು ಜೋಡಿಸಿ ವಕೀಲರ ಮೂಲಕ ಪೊಲೀಸರಿಗೆ ಕಳಿಸಿದ. ಅತ್ತ ಬ್ಲ್ಯಾಕ್‌ಪೂಲ್‌ನ ವಸತಿಗೃಹದ ಮಾಲೀಕ ಜೋಸೆಫ್ ಕ್ರಾಸ್ಲಿ ಕೂಡ ಅದೇ ಸುದ್ದಿ ಓದಿ ಬೆಚ್ಚಿಬಿದ್ದು ಸ್ಕಾಟ್ಲೆಂಡ್ ಯಾರ್ಡ್‌ಗೆ ಪತ್ರ ಬರೆದ. ಇಬ್ಬರು ಸಾಮಾನ್ಯರು ಒಂದೇ ಕೆಲಸ ಮಾಡಿದ್ದರು.

ಇನ್ಸ್‌ಪೆಕ್ಟರ್ ಆರ್ಥರ್ ನೀಲ್ ಕೈಗೆ ತನಿಖೆ ಬಂತು. ಅವನು ಹೂಡಿದ ಬಲೆಯನ್ನು ಗಮನಿಸಬೇಕು. ಸುಂದರಿಯೊಬ್ಬಳನ್ನು ಮುಂದಿನ ವಧುವಾಗಿ ಕಳಿಸಲಿಲ್ಲ. ಲಾಫ್ಟಿ ಹೆಸರಲ್ಲಿ 700 ಪೌಂಡಿನ ಜೀವವಿಮೆ ಇತ್ತು. ಹಣ ಬಿಡುಗಡೆಗೆ ಅಡ್ಡಿ ಇಲ್ಲವೆಂಬಂತೆ ವಿಮಾ ಕಂಪನಿಗೆ ವರದಿ ಹೋಗುವ ಹಾಗೆ ನೋಡಿಕೊಂಡು, ವಕೀಲರ ಕಚೇರಿಯ ಹೊರಗೆ ಕಾದು ನಿಂತ. 1915ರ ಫೆಬ್ರುವರಿ 1ರಂದು ‘ಲಾಯ್ಡ್’ ಹಣಕ್ಕಾಗಿ ಬಂದ, ಸಿಕ್ಕಿಬಿದ್ದ. ಪ್ರೇಮದ ವ್ಯಾಪಾರ ಮಾಡುವವನ ದೌರ್ಬಲ್ಯ ಪ್ರೇಮ ಆಗಿರುವುದಿಲ್ಲ, ಹಣ. ಕಾದಂಬರಿಕಾರರು ಮರೆಯುವ ಈ ಸತ್ಯ ಆ ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು.

ಆಮೇಲೆ ಮೂರನೆಯದೂ ಹೊರಬಂತು. 1912ರ ಜುಲೈನಲ್ಲಿ ಹರ್ನ್ ಬೇಯಲ್ಲಿ ಬೆಸ್ಸಿ ಮಂಡಿ ಸತ್ತಿದ್ದಳು. ಅವಳಿಗೆ 2,500 ಪೌಂಡಿನಷ್ಟು ಆಸ್ತಿ ಇತ್ತು. ಅವಳನ್ನು ಮುಳುಗಿಸಲೆಂದೇ ಸ್ಮಿತ್ ತೊಟ್ಟಿ ತರಿಸಿದ್ದ, ಅದರ ಬೆಲೆಗೂ ಚೌಕಾಸಿ ಮಾಡಿದ್ದ, ಕೆಲಸ ಮುಗಿದ ಮೇಲೆ ಅಂಗಡಿಗೆ ವಾಪಸು ಕಳಿಸಿದ್ದ. ಕೊಲೆಗಾರನ ಮನಸ್ಸನ್ನು ಬಣ್ಣಿಸಲು ಈ ಚೌಕಾಸಿ ಒಂದೇ ಸಾಕು. ಆದರೆ ಒದ್ದಾಟದ ಗುರುತೇ ಇಲ್ಲದೆ ವಯಸ್ಕ ಹೆಂಗಸೊಬ್ಬಳನ್ನು ತೊಟ್ಟಿಯಲ್ಲಿ ಮುಳುಗಿಸುವುದು ಹೇಗೆ? ನೀಲ್ ಈಜುವುದರಲ್ಲಿ ಪಳಗಿದ ಯುವತಿಯೊಬ್ಬಳನ್ನು ನೀರು ತುಂಬಿದ ತೊಟ್ಟಿಯಲ್ಲಿ ಕೂರಿಸಿ ಇದ್ದಕ್ಕಿದ್ದಂತೆ ಕಾಲೆಳೆದ. ಮೂಗಿಗೆ ಬಾಯಿಗೆ ನೀರು ನುಗ್ಗಿ ಕ್ಷಣದಲ್ಲಿ ಅವಳ ಪ್ರಜ್ಞೆ ತಪ್ಪಿತು. ಎಚ್ಚರಗೊಳಿಸಲು ಅರ್ಧ ಗಂಟೆ ಹಿಡಿಯಿತು. ವಿಚಾರಣೆ ನಡೆದದ್ದು ಬೆಸ್ಸಿಯ ಕೊಲೆಗೆ ಮಾತ್ರ. ಆದರೂ ಉಳಿದ ಇಬ್ಬರ ಸಾವಿನ ವಿವರಗಳನ್ನು ಸಾಕ್ಷ್ಯವಾಗಿ ನ್ಯಾಯಾಲಯ ಒಪ್ಪಿಕೊಂಡಿತು. ಒಂದು ತೊಟ್ಟಿ ಆಕಸ್ಮಿಕ ಆಗಿರಬಹುದು, ಮೂರು ಆಗಲಾರವು. ಒಂದೇ ಬಗೆಯ ಕೃತ್ಯಗಳನ್ನು ಒಟ್ಟಿಗೆ ನೋಡಬಹುದೆಂಬ ಕಾನೂನಿನ ವಾದಕ್ಕೆ ಈ ಪ್ರಕರಣ ಇಂದಿಗೂ ಉದಾಹರಣೆ. 1915ರ ಆಗಸ್ಟ್ 13ರಂದು ಸ್ಮಿತ್‌ನನ್ನು ಗಲ್ಲಿಗೇರಿಸಿದರು.

ಫ್ರಾನ್ಸಿನ ಹೆನ್ರಿ ಲಾಂಡ್ರೂನದು ಅದೇ ಕಾಲ, ಅದೇ ದಂಧೆ. ಮೊದಲ ಮಹಾಯುದ್ಧದಲ್ಲಿ ಗಂಡಸರೆಲ್ಲ ರಣರಂಗದಲ್ಲಿದ್ದಾಗ ಪತ್ರಿಕೆಗಳಲ್ಲಿ ವಧು ಬೇಕೆಂದು ಜಾಹೀರಾತು ಕೊಟ್ಟ. ಹತ್ತು ಮಂದಿ ಹೆಂಗಸರು, ಅವರಲ್ಲೊಬ್ಬಳ ಮಗ, ಕಾಣೆಯಾದರು. ಅವನೂ ಸಿಕ್ಕಿದ್ದು ಒಬ್ಬ ಹೆಂಗಸಿನ ಹಟದಿಂದ. ಕಾಣೆಯಾದವಳೊಬ್ಬಳ ತಂಗಿ ಬಿಡದೆ ಹುಡುಕಿ, 1919ರಲ್ಲಿ ಪೊಲೀಸರು ಅವನನ್ನು ಹಿಡಿಯುವಂತೆ ಮಾಡಿದಳು. ಶವಗಳು ಸಿಗಲೇ ಇಲ್ಲ. ಸಿಕ್ಕಿದ್ದು ಅವನ ಕಿರುಪುಸ್ತಕ. ಊರಾಚೆಯ ತನ್ನ ಮನೆಗೆ ಹೆಂಗಸರನ್ನು ಕರೆದೊಯ್ದ ರೈಲಿನ ಖರ್ಚನ್ನು ಅದರಲ್ಲಿ ಬರೆದಿಟ್ಟಿದ್ದ: ತನಗೆ ಹೋಗಿಬರುವ ಟಿಕೆಟ್, ಅವಳಿಗೆ ಹೋಗುವ ಟಿಕೆಟ್ ಮಾತ್ರ. 1922ರಲ್ಲಿ ಅವನ ತಲೆ ಕಡಿದರು.

ಈಗ ನಮ್ಮ ಮನೆಯ ಮಾತು. ಮೋಹನ್ ಕುಮಾರ್ ಹೆಸರಿನ ಹಿಂದೆ ‘ಸಯನೈಡ್’ ಸೇರಿಕೊಂಡದ್ದು ದಕ್ಷಿಣ ಕನ್ನಡದವರಿಗೆ, ಕೊಡಗಿನವರಿಗೆ, ಮೈಸೂರಿನವರಿಗೆ ಗೊತ್ತು. ಶಾಲಾ ಮೇಷ್ಟರಾಗಿದ್ದವನು. ಮದುವೆ ವಯಸ್ಸು ಮೀರುತ್ತಿದೆಯೆಂದು ಮನೆಯವರು ಚಿಂತಿಸುತ್ತಿದ್ದ, ವರದಕ್ಷಿಣೆ ಕೊಡುವ ಶಕ್ತಿಯಿಲ್ಲದ ಬಡ ಮನೆಗಳ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳುತ್ತಿದ್ದ, ಅವರದೇ ಜಾತಿಯವನು ಎನ್ನುತ್ತಿದ್ದ, ಸರ್ಕಾರಿ ನೌಕರಿ ಎನ್ನುತ್ತಿದ್ದ, ವರದಕ್ಷಿಣೆ ಬೇಡವೇ ಬೇಡ ಎನ್ನುತ್ತಿದ್ದ. ಮದುವೆಗೆಂದು ಒಡವೆ ಹಾಕಿಸಿಕೊಂಡು ಮನೆಯಿಂದ ಕರೆತಂದು, ಮೈಸೂರಿನಂಥ ದೂರದ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ ಇರಿಸುತ್ತಿದ್ದ. ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಲು ಹೇಳಿ ಬಸ್ ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದ. ಗರ್ಭ ನಿಲ್ಲದಿರಲೆಂದು ಒಂದು ಮಾತ್ರೆ ಕೊಡುತ್ತಿದ್ದ. ವಾಂತಿ ಬರಬಹುದು, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಮಾತ್ರೆಯಲ್ಲಿ ಸಯನೈಡ್. ಅವಳು ಒಳಗಿನಿಂದ ಚಿಲಕ ಹಾಕಿಕೊಂಡು ನುಂಗುತ್ತಿದ್ದಳು. ಅವನು ಲಾಡ್ಜಿಗೆ ಹೋಗಿ ಒಡವೆ ಎತ್ತಿಕೊಂಡು ಊರು ಬಿಡುತ್ತಿದ್ದ.

ಆ ಚಿಲಕದ ಬಗ್ಗೆ ಯೋಚಿಸಿ. ಬಾಗಿಲು ಒಳಗಿನಿಂದ ಹಾಕಿದೆ, ಮೈಮೇಲೆ ಗಾಯವಿಲ್ಲ, ಒಡವೆಯಿಲ್ಲ, ವಿಳಾಸವಿಲ್ಲ. ಬಸ್ ನಿಲ್ದಾಣದ ಪೊಲೀಸರು ಬಾಗಿಲು ಒಡೆದು ನೋಡಿದಾಗ ಗುರುತಿಲ್ಲದ ಹೆಂಗಸಿನ ಶವ. ಯು.ಡಿ.ಆರ್. ದಾಖಲಾಗುತ್ತಿತ್ತು, ಅಂದರೆ ಅಸ್ವಾಭಾವಿಕ ಮರಣ ವರದಿ. ವಾರಸುದಾರರಿಲ್ಲವೆಂದು ಕಡತ ಕಪಾಟು ಸೇರುತ್ತಿತ್ತು. ಅತ್ತ ಬಂಟ್ವಾಳದಲ್ಲೋ ಸುಳ್ಯದಲ್ಲೋ ಮನೆಯವರು, ಮಗಳು ಯಾರ ಜೊತೆಗೋ ಓಡಿಹೋದಳೆಂದು ತಲೆತಗ್ಗಿಸಿ ಕೂತಿರುತ್ತಿದ್ದರು. ದೂರು ಕೊಟ್ಟರೆ ಮಾನ ಹೋಗುತ್ತದೆಂಬ ಅಂಜಿಕೆ. ಕೊಟ್ಟವರಿಗೂ, ಎಲ್ಲೋ ಸುಖವಾಗಿರುತ್ತಾಳೆ ಬಿಡಿ ಎಂಬ ಸಮಾಧಾನ. ಶವ ಒಂದು ಜಿಲ್ಲೆಯಲ್ಲಿ, ಕಣ್ಣೀರು ಇನ್ನೊಂದು ಜಿಲ್ಲೆಯಲ್ಲಿ. ಒಂದೇ ಬಸ್ ನಿಲ್ದಾಣದಲ್ಲಿ ಮತ್ತೆ ಮತ್ತೆ ಅದೇ ರೀತಿಯ ಸಾವು ಕಂಡರೂ ಆ ಕಡತಗಳನ್ನು ಯಾರೂ ಒಟ್ಟಿಗೆ ಮೇಜಿನ ಮೇಲೆ ಹರಡಲಿಲ್ಲ. ಅವನ ಮೇಲೆ ಕೊನೆಗೆ ದಾಖಲಾದದ್ದು 20 ಮಹಿಳೆಯರ ಕೊಲೆ ಪ್ರಕರಣ. ಸಯನೈಡಿಗಿಂತ ಅವನು ನೆಚ್ಚಿಕೊಂಡದ್ದು ನಮ್ಮ ಮನೆಗಳ ನಾಚಿಕೆಯನ್ನು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಅವನೊಬ್ಬನ ಮೇಲಷ್ಟೇ ಅಲ್ಲ.

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಹಳ್ಳಿಯೊಂದರ 22 ವರ್ಷದ ಯುವತಿ ಕಾಣೆಯಾದಳು. ಈ ಬಾರಿ ಮನೆಯವರು ಸುಮ್ಮನಿರಲಿಲ್ಲ, ಸಮುದಾಯವೂ ಸುಮ್ಮನಿರಲಿಲ್ಲ. ಬೇರೆ ಧರ್ಮದವನೊಬ್ಬ ಹಾರಿಸಿಕೊಂಡು ಹೋದನೆಂಬ ಗುಲ್ಲು ಹಬ್ಬಿ, ಜನ ಠಾಣೆಯ ಮುಂದೆ ನೆರೆದರು. ಗುಲ್ಲು ಪೂರ್ತಿ ಸುಳ್ಳಾಗಿತ್ತು. ಆ ಸುಳ್ಳಿನಿಂದ ಊರಿನಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆದರೆ ಒತ್ತಡಕ್ಕೆ ಪೊಲೀಸರು ತನಿಖೆಯನ್ನು ಗಂಭೀರವಾಗಿ ಹಿಡಿದರು. ಅವಳ ಮೊಬೈಲಿನ ಕರೆಗಳ ಪಟ್ಟಿ ತೆಗೆಸಿದಾಗ ಪದೇ ಪದೇ ಮಾತಾಡಿದ್ದ ನಂಬರು ಇನ್ನೊಬ್ಬ ಹೆಂಗಸಿನದು. ಅವಳೂ ಕಾಣೆಯಾಗಿದ್ದಳು. ಅವಳ ಪಟ್ಟಿ ತೆಗೆದರೆ ಮತ್ತೊಬ್ಬಳು ಕಾಣೆಯಾದವಳು. ಸತ್ತವರ ಸಿಮ್ಮುಗಳಿಂದಲೇ ಮುಂದಿನವರಿಗೆ ಅವನು ಪ್ರೇಮದ ಕರೆ ಮಾಡುತ್ತಿದ್ದ. ಎಳೆ ಹಿಡಿದು ಹೋದವರಿಗೆ ಮಂಗಳೂರಿನ ಹತ್ತಿರ ಇನ್ನೂ ಬಳಕೆಯಲ್ಲಿದ್ದ ಒಂದು ಫೋನ್ ಸಿಕ್ಕಿತು. ಅಲ್ಲಿಂದ ದಾರಿ ಅವನ ಕಡೆಗೆ ತೆರೆಯಿತು. 2009ರ ಅಕ್ಟೋಬರ್‌ನಲ್ಲಿ ಬಂಧನವಾಯಿತು.

ನ್ಯಾಯಾಲಯದಲ್ಲಿ ತನ್ನ ಪರ ತಾನೇ ವಾದ ಮಾಡಿದ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಆಮೇಲೆ ಒಂದೊಂದೇ ಪ್ರಕರಣದ ತೀರ್ಪು ಹೊರಬರುತ್ತ ಹೋಯಿತು. ಮರಣದಂಡನೆಯನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಿದ್ದೂ ಉಂಟು. ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ಜೀವಾವಧಿ ಶಿಕ್ಷೆ. ಬಂಧನಕ್ಕೂ ಕೊನೆಯ ತೀರ್ಪಿಗೂ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲ. ಅಷ್ಟೂ ವರ್ಷ ಆ ಮನೆಗಳ ಅಪ್ಪ ಅಮ್ಮ, ಅಣ್ಣ ತಮ್ಮಂದಿರು ಸಾಕ್ಷಿ ಹೇಳಲು ಬಸ್ಸು ಹಿಡಿದು ಮಂಗಳೂರಿಗೆ ಬರಬೇಕಾಗಿತ್ತು.

ಈ ಮೂರೂ ಕಥೆಗಳಲ್ಲಿ ಮಾರುವೇಷದ ಪ್ರೇಮಿ ಒಬ್ಬನೇ, ಕೊಲೆಗಾರ. ಹಾಗಾದರೆ ಪೊಲೀಸರು ಪ್ರೇಮವನ್ನೇ ಬಲೆಯಾಗಿ ಬೀಸಿದ್ದು ನಿಜ ಜೀವನದಲ್ಲಿ ಇಲ್ಲವೇ? ಇದೆ. ಅದರ ಫಲವನ್ನೂ ಹೇಳಬೇಕು.

1992ರ ಜುಲೈ 15ರಂದು ಲಂಡನ್ನಿನ ವಿಂಬಲ್ಡನ್ ಕಾಮನ್ ಎಂಬ ವಿಶಾಲ ಬಯಲಿನಲ್ಲಿ, ಎರಡು ವರ್ಷದ ಮಗನ ಜೊತೆ ನಡೆಯಲು ಬಂದಿದ್ದ ಯುವ ತಾಯಿಯೊಬ್ಬಳನ್ನು ಹಾಡಹಗಲೇ ಇರಿದು ಕೊಂದರು. ಇಲ್ಲಿ ಮದುವೆಯ ವಂಚನೆ ಇರಲಿಲ್ಲ. ಆದರೆ ದೇಶವೇ ಬೆಚ್ಚಿತ್ತು, ಪೊಲೀಸರ ಮೇಲೆ ಭಾರೀ ಒತ್ತಡವಿತ್ತು. ಹತ್ತಿರದಲ್ಲಿ ವಾಸವಿದ್ದ, ಒಂಟಿಯಾಗಿದ್ದ ಒಬ್ಬನ ಮೇಲೆ ಅನುಮಾನ ಬಂತು. ಸಾಕ್ಷ್ಯ ಇರಲಿಲ್ಲ. ಅಪರಾಧ ಮನೋವಿಜ್ಞಾನಿಯೊಬ್ಬರ ಸಲಹೆ ಪಡೆದು, ಮಹಿಳಾ ಅಧಿಕಾರಿಯೊಬ್ಬಳನ್ನು ‘ಲಿಜ್ಜಿ ಜೇಮ್ಸ್’ ಎಂಬ ಸುಳ್ಳು ಹೆಸರಿನಲ್ಲಿ ಅವನಿಗೆ ಪತ್ರಸ್ನೇಹಿತೆಯಾಗಿ ಬಿಟ್ಟರು. ತಿಂಗಳುಗಟ್ಟಲೆ ಪತ್ರ, ಫೋನು, ಭೇಟಿ. ಒಂಟಿತನದಲ್ಲಿ ಬೆಂದಿದ್ದವನು ಅವಳ ಪ್ರೀತಿಗಾಗಿ ಅವಳು ಕೇಳಲು ಬಯಸಿದ್ದನ್ನೆಲ್ಲ ಬರೆದ. ಒಂದು ಮಾತನ್ನು ಬಿಟ್ಟು. ಆ ಕೊಲೆ ಮಾಡಿದವನು ನಾನಲ್ಲ ಎಂದೇ ಹೇಳುತ್ತ ಬಂದ.

ಆದರೂ ಬಂಧಿಸಿದರು. 1994ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಆಗ್ನಲ್ ಆ ಸಾಕ್ಷ್ಯವನ್ನು ಒಪ್ಪದೆ, ವಂಚನೆಯ ನಡವಳಿಕೆಯೆಂದು ಪೊಲೀಸರನ್ನು ಕಟುವಾಗಿ ಟೀಕಿಸಿದರು. ಪ್ರಕರಣ ಬಿದ್ದುಹೋಯಿತು. ಬಿಡುಗಡೆಯಾದವನನ್ನು ಊರು ಮಾತ್ರ ವರ್ಷಾನುಗಟ್ಟಲೆ ಕೊಲೆಗಾರನೆಂದೇ ನೋಡಿತು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್. ಪೊಲೀಸರ ಕಣ್ಣೆಲ್ಲ ಇನ್ನೊಬ್ಬನ ಮೇಲೆ ನೆಟ್ಟಿದ್ದಾಗಲೇ, 1993ರ ನವೆಂಬರ್‌ನಲ್ಲಿ, ಅವನು ಲಂಡನ್ನಿನ ಇನ್ನೊಂದು ಭಾಗದಲ್ಲಿ ಒಬ್ಬ ತಾಯಿಯನ್ನೂ ಅವಳ ಪುಟ್ಟ ಮಗಳನ್ನೂ ಕೊಂದ. ಡಿಎನ್‌ಎ ಪರೀಕ್ಷೆ ಮುಂದುವರಿದ ಮೇಲೆ ವಿಂಬಲ್ಡನ್ ಕೊಲೆಯ ಎಳೆ ಅವನಿಗೆ ತಗುಲಿತು. 2008ರ ಡಿಸೆಂಬರ್‌ನಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ತಪ್ಪಾಗಿ ಹಿಡಿದವನಿಗೆ ಸರ್ಕಾರ 7,06,000 ಪೌಂಡ್ ಪರಿಹಾರ ಕೊಟ್ಟಿತು. ಪ್ರೇಮಿಯ ವೇಷ ಹಾಕಿದ ಆ ಅಧಿಕಾರಿ ಮಾನಸಿಕವಾಗಿ ನೊಂದು ಅವಧಿಗೆ ಮೊದಲೇ ನೌಕರಿ ಬಿಟ್ಟಳು, ಅವಳಿಗೂ ಇಲಾಖೆ 1,25,000 ಪೌಂಡ್ ಕೊಡಬೇಕಾಯಿತು.

ಸುಳ್ಳು ಪ್ರೇಮಕ್ಕೆ ಇರುವ ದೋಷ ಇಲ್ಲಿ ಎದ್ದು ಕಾಣುತ್ತದೆ. ಪ್ರೀತಿಗೆ ಹಂಬಲಿಸುವವನು ಎದುರಿನವರನ್ನು ಮೆಚ್ಚಿಸಲು ಏನನ್ನಾದರೂ ಹೇಳುತ್ತಾನೆ. ಅವನ ಬಾಯಿಂದ ಬಂದದ್ದು ಸತ್ಯವೋ ಮೆಚ್ಚಿಸುವ ಮಾತೋ ಎಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ನಿಜವಾದ ವಂಚಕನೋ, ಪ್ರೀತಿಗೆ ಹಂಬಲಿಸುವವನೇ ಅಲ್ಲ. ಆದ್ದರಿಂದ ಈ ಬಲೆಗೆ ಬೀಳುವವರು ಒಂಟಿ ಮನುಷ್ಯರು, ಕೊಲೆಗಾರರಲ್ಲ.

ನಮ್ಮ ಕಾನೂನಿನಲ್ಲಿ ಇಂಥ ಕ್ಲೈಮ್ಯಾಕ್ಸಿಗೆ ಇನ್ನೂ ಗಟ್ಟಿಯಾದ ತಡೆ ಇದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಆಗಿದೆ. ಅವನ ಮಾತಿನಿಂದ ಸಿಕ್ಕ ಒಡವೆ, ವಿಷದ ಪೊಟ್ಟಣ, ಸಿಮ್ ಕಾರ್ಡ್ ಇವುಗಳಿಗೆ ಸಂಬಂಧಪಟ್ಟಷ್ಟು ಮಾತ್ರ ನಿಲ್ಲುತ್ತದೆ. ಕೊಲೆಗಾರ ನಾಯಕಿಯ ಕಿವಿಯಲ್ಲಿ ಎಲ್ಲವನ್ನೂ ಪಿಸುಗುಟ್ಟಿದರೂ ನ್ಯಾಯಾಲಯ ಕೇಳುವುದು ಒಡವೆ ಎಲ್ಲಿ, ಲಾಡ್ಜಿನ ರಿಜಿಸ್ಟರಿನ ಕೈಬರಹ ಯಾರದು, ಆ ದಿನ ಫೋನ್ ಯಾವ ಟವರಿನಲ್ಲಿತ್ತು ಎಂದು. ಮದುವೆಯ ಸುಳ್ಳು ಮಾತು ಕೊಟ್ಟು ದೈಹಿಕ ಸಂಪರ್ಕ ಮಾಡುವುದನ್ನೇ ಹೊಸ ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್ ಅಪರಾಧವೆಂದಿದೆ, ಹತ್ತು ವರ್ಷದವರೆಗೆ ಶಿಕ್ಷೆ. ಅದರ ಬಗ್ಗೆ ಪರ ವಿರೋಧ ವಾದಗಳಿವೆ, ಅದು ಬೇರೆಯೇ ಅಂಕಣಕ್ಕೆ ಆಗುವಷ್ಟು ದೊಡ್ಡ ವಿಷಯ.

ಹಾಗೆಂದು ಪ್ರೇಮವನ್ನು ಈ ಕಥೆಗಳಿಂದ ಹೊರಗಿಡಿ ಎನ್ನುತ್ತಿಲ್ಲ. ಹಿಚ್‌ಕಾಕ್‌ನ ಇನ್ನೊಂದು ಸಿನಿಮಾ, 1946ರ ‘ನಟೋರಿಯಸ್’ನಲ್ಲಿ, ಗೂಢಚಾರಿಕೆಗಾಗಿ ಪ್ರೀತಿಸದವನನ್ನು ಮದುವೆಯಾದ ನಾಯಕಿಗೆ ಗಂಡನ ಮನೆಯಲ್ಲಿ ಕಾಫಿಯಲ್ಲಿ ವಿಷ ಬೆರೆಸಿ ಕೊಡುತ್ತಾರೆ. ಅವಳನ್ನು ಆ ಕೆಲಸಕ್ಕೆ ದೂಡಿದ ಅಧಿಕಾರಿಯೇ ಅವಳ ನಿಜವಾದ ಪ್ರಿಯಕರ. ಕರ್ತವ್ಯದ ಹೆಸರಲ್ಲಿ ಪ್ರೀತಿಸಿದವಳನ್ನು ಇನ್ನೊಬ್ಬನ ಮನೆಗೆ ಕಳಿಸಿದ ತಪ್ಪು ಅವನನ್ನು ಸುಡುವುದನ್ನು ಆ ಸಿನಿಮಾ ಬಿಡದೆ ತೋರಿಸುತ್ತದೆ. ಪ್ರೇಮ ಅಲ್ಲಿ ಆಯುಧವಾಗಿದೆ, ಆಯುಧ ಹಿಡಿದ ಕೈಯನ್ನೇ ಅದು ಕೊಯ್ಯುತ್ತದೆ. ಇಂಥ ನೋವಿಗೆ ಜಾಗವಿಲ್ಲದ, ಬರೀ ಚೆಲುವೆಯೊಬ್ಬಳನ್ನು ಕೊಲೆಗಾರನ ಮುಂದೆ ಕುಣಿಸುವ ಕಥೆಗಳ ಬಗ್ಗೆ ನನ್ನ ತಕರಾರು.

2023ರ ಮೇ ತಿಂಗಳಲ್ಲಿ ಬಂದ ಹಿಂದಿ ವೆಬ್ ಸರಣಿ ‘ದಹಾಡ್’ ಈ ವಿಷಯದಲ್ಲಿ ಮೆಚ್ಚುವಂಥದ್ದು. ಕಥೆಯನ್ನು ರಾಜಸ್ಥಾನದಲ್ಲಿ ಕೂರಿಸಿದ್ದಾರೆ, ಆದರೆ ಮದುವೆಯ ಮಾತು, ಸಯನೈಡ್, ಸಾರ್ವಜನಿಕ ಶೌಚಾಲಯ ನೋಡಿದ ಕರಾವಳಿಯವರಿಗೆ ಇದು ಎಲ್ಲಿಯದೆಂದು ಹೇಳಿಕೊಡಬೇಕಿಲ್ಲ. ಸೋನಾಕ್ಷಿ ಸಿನ್ಹಾ ಮಾಡಿರುವ ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿ ವೇಷ ಹಾಕಿ ಪ್ರೇಮ ನಟಿಸುವುದರಿಂದ ಕಥೆ ಶುರುವಾಗುವುದಿಲ್ಲ. ತಂಗಿ ಕಾಣೆಯಾಗಿದ್ದಾಳೆಂದು ಠಾಣೆಗೆ ಎಡತಾಕುವ ಒಬ್ಬ ಬಡ ಅಣ್ಣನಿಂದ ಶುರುವಾಗುತ್ತದೆ. ಅವಳು ಕಡತ ಹುಡುಕುತ್ತಾಳೆ, ಕಾಣೆಯಾದವರ ಪಟ್ಟಿ ಬೆಳೆಸುತ್ತಾಳೆ. ಧೂಳು ಹಿಡಿದ ಕಡತದಲ್ಲಿ ಎದೆ ನಡುಗಿಸುವ ಕಥೆ ಇರಬಲ್ಲದೆಂದು ಅದು ತೋರಿಸಿಕೊಟ್ಟಿತು.

ಈ ಕಥೆ ಹುಟ್ಟಿದ ಮಣ್ಣಿನಲ್ಲಿ, ಕನ್ನಡದಲ್ಲಿ, ಅದಕ್ಕೆ ಸಮನಾದ ಕಾದಂಬರಿ ಬರಬೇಕೆಂದು ನನಗೆ ಆಸೆ. ಕೊಲೆಗಾರನ ಚಾಣಾಕ್ಷತನ ಬಣ್ಣಿಸುವ ಪುಟಗಳು ಬೇಕಾದಷ್ಟಿವೆ. ಬೀಡಿ ಕಟ್ಟಿ ಸಂಸಾರ ತೂಗಿಸುತ್ತ, ಮೂವತ್ತರ ಹೊಸ್ತಿಲಲ್ಲಿ ನಿಂತ ಹೆಣ್ಣೊಬ್ಬಳಿಗೆ, ವರದಕ್ಷಿಣೆ ಬೇಡ ಎಂದವನ ಮಾತು ಯಾಕೆ ಅಷ್ಟು ಸಿಹಿಯಾಗಿ ಕೇಳಿಸಿತು ಎಂದು ಅವಳ ಒಳಗಿಂದ ಬರೆಯುವವರು ಬೇಕು. ಅವಳು ದಡ್ಡಿಯಾಗಿರಲಿಲ್ಲ. ಮದುವೆಯಾಗದ ಹೆಣ್ಣಿಗೆ ಮನೆಯಲ್ಲೂ ಬೀದಿಯಲ್ಲೂ ನೆಮ್ಮದಿ ಕೊಡದ ಸಮಾಜದಲ್ಲಿ, ಮರ್ಯಾದೆಯಿಂದ ಬದುಕುವ ಒಂದೇ ದಾರಿ ಕಂಡಿತ್ತು, ಆ ದಾರಿಯಲ್ಲಿ ನಡೆದಳು. ಅವಳ ಕಥೆಯೂ ಪ್ರೇಮಕಥೆಯೇ.

ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಯ, ನಿಮ್ಮ ಕೇರಿಯ ಹೆಣ್ಣುಮಗಳು ಕಾಣೆಯಾದರೆ, ಯಾರ ಜೊತೆ ಹೋದಳೆಂಬ ಚರ್ಚೆಗೆ ಕೂರಬೇಡಿ. ಆ ದಿನವೇ ಠಾಣೆಗೆ ಹೋಗಿ ದೂರು ಕೊಡಿ. 24 ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಅಪರಾಧದ ಅನುಮಾನವಿದ್ದರೆ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂದಾಗ ಜೀರೋ ಎಫ್‌ಐಆರ್ ದಾಖಲಿಸಿ ಎಂದು ಕೇಳಿ, ಈಗ ಅದು ಕಾನೂನಿನಲ್ಲೇ ಇದೆ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ. ಅವಳ ಫೋಟೊ, ಮೊಬೈಲ್ ನಂಬರು, ಹೊರಟಾಗ ಮೈಮೇಲಿದ್ದ ಬಟ್ಟೆ ಒಡವೆಗಳ ವಿವರವನ್ನು ದೂರಿನಲ್ಲಿ ಬರೆಸಿ, ಅದರ ಪ್ರತಿ ಪಡೆದುಕೊಳ್ಳಿ. ಅವಳು ಇಷ್ಟಪಟ್ಟವನ ಜೊತೆ ಸುಖವಾಗಿದ್ದಾಳೆಂದು ಗೊತ್ತಾದರೆ ಒಳ್ಳೆಯದೇ, ದೂರು ಮುಗಿಯುತ್ತದೆ. ಹಾಗಿಲ್ಲದಿದ್ದರೆ ಅವಳ ಪರವಾಗಿ ಇರುವುದು ನೀವು ಕೊಟ್ಟ ಆ ಒಂದು ಹಾಳೆ ಮಾತ್ರ.